ನೀಲಿ ಹೂವು ಗುಲಾಬಿಯಾದುದೇಕೆ?



ಮನೆಯಂಗಳದ ಹೂಗಿಡಗಳನ್ನು ಕುರಿತು ಈ ಅಂಕಣದಲ್ಲಿ ನಾವು ಬರೆಯತೊಡಗಿದ ಮೇಲೆ ಬರುತ್ತಿರುವ ಪತ್ರಗಳಲ್ಲಿ ಒಂದು ಗಿಡದ ಹೆಸರು ಮತ್ತೆ ಮತ್ತೆ ಕಾಣಿಸಿಕೊಳ್ಳುತ್ತಿದೆ. ಅದು ಹೈಡ್ರಾಂಜಿಯ. ಕೊಡಗಿನ ಮನೆಗಳ ಮುಂದೆ, ಮೆಟ್ಟಿಲಿನ ಎರಡೂ ಬದಿಗೆ, ಕಾಫಿ ಕಣದ ಅಂಚಿನಲ್ಲಿ ತಲೆಗಾತ್ರದ ಗೊಂಚಲುಗಳನ್ನು ಹೊತ್ತು ನಿಲ್ಲುವ ಈ ಪೊದೆಯನ್ನು ಹೆಸರು ತಿಳಿಯದವರೂ ನೋಡಿರುತ್ತಾರೆ. ಸೋಮವಾರಪೇಟೆಯ ಕಡೆಯ ತಾಯಿಯೊಬ್ಬರು, ನೆಟ್ಟಾಗ ನೀಲಿಯಾಗಿದ್ದ ಹೂವು ಮನೆಗೆ ಹೊಸ ಕಾಂಪೌಂಡು ಕಟ್ಟಿಸಿದ ಮರುವರ್ಷ ಗುಲಾಬಿಯಾಯಿತೆಂದು ಬರೆದಿದ್ದಾರೆ. ಗದಗಿನ ಭಕ್ತರೊಬ್ಬರು, ಮಡಿಕೇರಿಗೆ ಪ್ರವಾಸ ಬಂದಾಗ ಕೊಂಡೊಯ್ದ ಕುಂಡದ ಗಿಡ ಆರು ತಿಂಗಳಲ್ಲಿ ಕಾಮಾಲೆ ಹಿಡಿದಂತೆ ಹಳದಿಯಾಯಿತೆಂದು ವ್ಯಥೆಪಟ್ಟಿದ್ದಾರೆ. ಶನಿವಾರಸಂತೆಯ ತರುಣರೊಬ್ಬರದು ಬೇರೆಯೇ ದೂರು: ಗಿಡ್ಡ ತಳಿಯೆಂದು ದುಡ್ಡು ಕೊಟ್ಟು ತಂದದ್ದು ಎರಡೇ ವರ್ಷದಲ್ಲಿ ಎದೆಯೆತ್ತರ ಬೆಳೆದು ಕಿಟಕಿ ಮುಚ್ಚಿದೆಯಂತೆ. ಮುಂಗಾರು ಹತ್ತಿರವಾಗಿದೆ, ಕಡ್ಡಿ ನೆಡುವ ಕಾಲ ಬರುತ್ತಿದೆ. ಆದುದರಿಂದ ಈ ಸಲ ಇದೊಂದೇ ಗಿಡವನ್ನು ಕುರಿತು ಸ್ವಲ್ಪ ವಿಸ್ತಾರವಾಗಿಯೇ ಬರೆಯುವೆವು.

ಈ ಗಿಡದ ಮೂಲಸ್ಥಾನ ಜಪಾನ್ ದೇಶ. ಹೆಸರು ಮಾತ್ರ ಗ್ರೀಕ್ ಭಾಷೆಯದು. ನೀರು ಮತ್ತು ಪಾತ್ರೆ ಎಂಬ ಎರಡು ಶಬ್ದಗಳು ಕೂಡಿ ಆದುದು. ಬೀಜಕೋಶದ ಆಕಾರವು ನೀರಿನ ಪುಟ್ಟ ಕೊಡದಂತಿರುವುದರಿಂದ ಈ ಹೆಸರು ಬಂದಿತೆಂದು ಹೇಳುತ್ತಾರೆ. ಆಕಾರವೇನೇ ಇರಲಿ, ಅದರ ಬಾಯಾರಿಕೆಯನ್ನು ಬಲ್ಲವರಿಗೆ ಹೆಸರು ಹೇಗೂ ಸರಿಯೆನಿಸುತ್ತದೆ. ಇನ್ನೊಂದು ವಿಶೇಷವನ್ನು ಗಮನಿಸಬೇಕು. ನಾವು ಹೂವಿನ ಎಸಳೆಂದು ಮೆಚ್ಚುವುದು ನಿಜವಾಗಿ ಎಸಳಲ್ಲ. ಹೂವಿನ ಹೊರಗವಚದ ಪುಷ್ಪಪತ್ರಗಳೇ ಅಗಲವಾಗಿ ಬಣ್ಣ ತಾಳಿ ನಿಂತಿರುವುದು. ನಿಜವಾದ ಹೂವು ಆ ನಾಲ್ಕು ಪತ್ರಗಳ ನಡುವೆ ಸಾಸಿವೆಕಾಳಿನಷ್ಟು ಚಿಕ್ಕದಾಗಿ ಕುಳಿತಿರುತ್ತದೆ. ಎಸಳಲ್ಲದ ಕಾರಣದಿಂದಲೇ ಅದು ಎರಡು ದಿನಕ್ಕೆ ಉದುರದೆ ವಾರಗಟ್ಟಲೆ ಗಿಡದಲ್ಲಿ ನಿಲ್ಲುತ್ತದೆ.

ಜಪಾನಿನಲ್ಲಿ ಇದು ಮಳೆಗಾಲದ ಹೂವು. ಅಲ್ಲಿ ಜೂನ್ ತಿಂಗಳ ಜಿಟಿಜಿಟಿ ಮಳೆಗೂ ಈ ಹೂವಿಗೂ ಇರುವ ನಂಟು, ನಮ್ಮಲ್ಲಿ ಹೂಮಳೆಗೂ ಕಾಫಿಯ ಹೂವಿಗೂ ಇರುವ ನಂಟಿನಂಥದು. ಕಾಮಕುರಾ ನಗರದ ಮೇಗೆತ್ಸು-ಇನ್ ಎಂಬ ಬೌದ್ಧಮಠವನ್ನು ಜನರು ಹೈಡ್ರಾಂಜಿಯದ ಮಠವೆಂದೇ ಕರೆಯುತ್ತಾರೆ. ಅಲ್ಲಿ ಮೆಟ್ಟಿಲುಗಳ ಎರಡೂ ಕಡೆ ನೀಲಿಯ ಹೊರತು ಬೇರೆ ಬಣ್ಣ ಕಾಣುವುದೇ ಅಪರೂಪ. ಮಠದ ಅಂಗಳದಲ್ಲಿ ಬೆಳೆದ ನಮಗೆ ಈ ಸಂಗತಿ ತಿಳಿದಾಗ ಸಂತೋಷವಾಯಿತೆಂಬುದನ್ನು ಮುಚ್ಚಿಡುವುದಿಲ್ಲ. ಯೂರೋಪಿಗೆ ಈ ಗಿಡ ತಲುಪಿದುದು 1790ರ ಸುಮಾರಿಗೆ. ಸರ್ ಜೋಸೆಫ್ ಬ್ಯಾಂಕ್ಸ್ ಎಂಬ ಸಸ್ಯಪ್ರೇಮಿಯ ಮೂಲಕ ಚೀನದಿಂದ ಲಂಡನ್ನಿನ ಕ್ಯೂ ತೋಟಕ್ಕೆ ಅದು ಬಂದಿತು. ಕೊಡಗಿನಲ್ಲಿ ವೀರಶೈವ ಹಾಲೇರಿ ವಂಶದ ದೊಡ್ಡ ವೀರರಾಜೇಂದ್ರರು ನಾಲ್ಕುನಾಡು ಅರಮನೆಯನ್ನು ಕಟ್ಟಿಸಿದುದು ಸರಿಸುಮಾರು ಅದೇ ಕಾಲದಲ್ಲಿ. ಅರಸರ ಆಳ್ವಿಕೆ 1834ರಲ್ಲಿ ಮುಗಿಯಿತು. ಅನಂತರದ ದಶಕಗಳಲ್ಲಿ ಬ್ರಿಟಿಷರ ಕಾಫಿ ತೋಟಗಳು ಎದ್ದುವು, ತೋಟದ ಬಂಗಲೆಗಳೆದುರು ಯೂರೋಪಿನ ಪದ್ಧತಿಯ ಹೂದೋಟಗಳು ಬಂದುವು. ಹೂಗಿಡದ ಕಡ್ಡಿಗೆ ಬೇಲಿಯ ಅಡ್ಡಿಯಿಲ್ಲ. ಕೈಯಿಂದ ಕೈಗೆ ದಾಟಿ ಅದು ಊರ ಮನೆಗಳ ಅಂಗಳವನ್ನು ಸೇರುತ್ತದೆ.

ಇನ್ನು ಬಣ್ಣದ ವಿಚಾರಕ್ಕೆ ಬರೋಣ. ಹೈಡ್ರಾಂಜಿಯದ ನೀಲಿಯೂ ಗುಲಾಬಿಯೂ ಎರಡು ಬೇರೆ ಬೇರೆ ವರ್ಣದ್ರವ್ಯಗಳಿಂದ ಆದುವಲ್ಲ. ಡೆಲ್ಫಿನಿಡಿನ್ ಎಂಬ ಒಂದೇ ವರ್ಗದ ವರ್ಣದ್ರವ್ಯ ಎರಡಕ್ಕೂ ಆಧಾರ. ಬೇರು ಮಣ್ಣಿನಿಂದ ಅಲ್ಯೂಮಿನಿಯಮ್ಮನ್ನು ಹೀರಿ ಹೂವಿಗೆ ಮುಟ್ಟಿಸಿದರೆ, ಆ ಲೋಹವು ವರ್ಣದ್ರವ್ಯದೊಡನೆ ಕೂಡಿ ನೀಲಿಯಾಗುತ್ತದೆ. ಅಲ್ಯೂಮಿನಿಯಮ್ ಸಿಕ್ಕದಿದ್ದರೆ ಗುಲಾಬಿಯಾಗಿಯೇ ಉಳಿಯುತ್ತದೆ. ಅರೆಬರೆ ಸಿಕ್ಕಿದರೆ ನೇರಳೆ. ಅಲ್ಯೂಮಿನಿಯಮ್ ಇಲ್ಲದ ಮಣ್ಣು ಲೋಕದಲ್ಲಿ ಇಲ್ಲವೆಂದೇ ಹೇಳಬೇಕು, ಏಕೆಂದರೆ ಭೂಮಿಯ ಹೊರಪದರದಲ್ಲಿ ಅತ್ಯಂತ ಹೇರಳವಾಗಿರುವ ಲೋಹವೇ ಅದು. ಪ್ರಶ್ನೆ ಇರುವುದು ಅದು ಕರಗಿ ಬೇರಿಗೆ ದಕ್ಕುವ ಸ್ಥಿತಿಯಲ್ಲಿದೆಯೇ ಎಂಬುದರಲ್ಲಿ. ಮಣ್ಣಿನ ಹುಳಿಯನ್ನು ಅಳೆಯುವ ರಸಸಾರವು ಐದೂವರೆಗಿಂತ ಕೆಳಗಿದ್ದರೆ ಅಲ್ಯೂಮಿನಿಯಮ್ ಕರಗುತ್ತದೆ, ಹೂವು ನೀಲಿ. ಆರೂವರೆಯ ಸುತ್ತಮುತ್ತಕ್ಕೆ ಏರಿದರೆ ಅದು ಮಣ್ಣಿನಲ್ಲಿಯೇ ಗಟ್ಟಿಯಾಗಿ ಕುಳಿತುಬಿಡುತ್ತದೆ, ಹೂವು ಗುಲಾಬಿ. ಬಿಳಿಯ ತಳಿಗಳಲ್ಲಿ ಆ ವರ್ಣದ್ರವ್ಯವೇ ಇಲ್ಲದ ಕಾರಣ ಅವು ಎಲ್ಲಿ ನೆಟ್ಟರೂ ಬಿಳಿಯೇ.

ಕೊಡಗಿನಲ್ಲಿ ನೀಲಿಯು ಅನಾಯಾಸವಾಗಿ ಒದಗುವ ಕಾರಣವನ್ನು ಇದರಿಂದ ಊಹಿಸಬಹುದು. ಮಡಿಕೇರಿಯಲ್ಲಿ ವರ್ಷಕ್ಕೆ 3000 ಮಿಲಿಮೀಟರಿಗೂ ಹೆಚ್ಚು ಮಳೆ. ಭಾಗಮಂಡಲದ ಕಡೆ ಅದಕ್ಕಿಂತಲೂ ಬಹಳ ಹೆಚ್ಚು. ಶತಮಾನಗಳಿಂದ ಸುರಿದ ಮಳೆ ಮಣ್ಣಿನ ಸುಣ್ಣದಂಶವನ್ನು ತೊಳೆದು ಕಾವೇರಿಗೋ ಪಡುವಣ ಹೊಳೆಗಳಿಗೋ ಸೇರಿಸಿಬಿಟ್ಟಿದೆ. ಉಳಿದಿರುವುದು ಹುಳಿಮಣ್ಣು. ಕಾಫಿ ಬೆಳೆಗಾರರು ಕೆಲವು ವರ್ಷಗಳಿಗೊಮ್ಮೆ ಮಣ್ಣು ಪರೀಕ್ಷೆ ಮಾಡಿಸಿ ತೋಟಕ್ಕೆ ಸುಣ್ಣವನ್ನೋ ಡೋಲೋಮೈಟನ್ನೋ ಎರಚುವುದು ಈ ಹುಳಿಯನ್ನು ತಗ್ಗಿಸುವುದಕ್ಕಾಗಿಯೇ. ಜಂಬಿಟ್ಟಿಗೆಯ ನೆಲದಲ್ಲಂತೂ ಕಬ್ಬಿಣ ಮತ್ತು ಅಲ್ಯೂಮಿನಿಯಮ್ ಎರಡೂ ತುಂಬಿರುತ್ತವೆ. ಪೂರ್ವಕ್ಕೆ ಕುಶಾಲನಗರದತ್ತ ಇಳಿದಂತೆ ಮಳೆ ಮಡಿಕೇರಿಯ ಮೂರನೆಯ ಒಂದು ಪಾಲಿಗೆ ಇಳಿಯುತ್ತದೆ; ಮಣ್ಣಿನ ಹುಳಿಯೂ ತಗ್ಗುತ್ತದೆ. ಒಂದೇ ಗಿಡದ ಎರಡು ಕಡ್ಡಿಗಳನ್ನು ಅಕ್ಕತಂಗಿಯರು ಹಂಚಿಕೊಂಡು, ಒಬ್ಬರು ಮಡಿಕೇರಿಯಲ್ಲಿ ಇನ್ನೊಬ್ಬರು ಕುಶಾಲನಗರದಲ್ಲಿ ನೆಟ್ಟರೆ, ಎರಡು ಬಣ್ಣ ಬಂದರೂ ಬರಬಹುದು. ಅಕ್ಕ ಬೇರೆ ಗಿಡ ಕೊಟ್ಟಳೆಂದು ತಂಗಿ ಮುನಿಯಬೇಕಾಗಿಲ್ಲ.

ಇಂಥ ಮುನಿಸಿಗಿಂತ ಬಹಳ ಗಂಭೀರವಾದ ಒಂದು ಪ್ರಸಂಗವನ್ನು ನಾವು ಕಂಡಿದ್ದೇವೆ. 2018ರ ಆಗಸ್ಟ್ ತಿಂಗಳಿನಲ್ಲಿ ಕೊಡಗಿನ ಗುಡ್ಡಗಳು ಕುಸಿದುದನ್ನು ಯಾರೂ ಮರೆತಿಲ್ಲ. ಮಕ್ಕಂದೂರು, ಹಟ್ಟಿಹೊಳೆ, ಮದೆನಾಡು, ಜೋಡುಪಾಲ ಮೊದಲಾದ ಕಡೆ ಮನೆಮಠಗಳು ತೋಟಗಳೊಡನೆ ಕೆಸರಿನಲ್ಲಿ ಹೋದುವು. ಅನಂತರ ಸರ್ಕಾರವು ಕರ್ಣಂಗೇರಿ, ಮದೆನಾಡು, ಜಂಬೂರು ಮುಂತಾದೆಡೆ ನಿರಾಶ್ರಿತರಿಗೆ ಮನೆ ಕಟ್ಟಿಸಿಕೊಟ್ಟಿತು. ಬಂಧುಗಳ ನೆರವಿನಿಂದ ಬೇರೆಡೆ ನೆಲೆ ಕಂಡುಕೊಂಡವರೂ ಇದ್ದಾರೆ. ಹಾಗೆ ನೆಲೆ ಬದಲಿಸಿದ ಕುಟುಂಬವೊಂದರ ಹಿರಿಯ ತಾಯಿ ನಮ್ಮನ್ನು ಮನೆಗೆ ಕರೆದಿದ್ದರು. ಪ್ರಸಾದವಾದ ಮೇಲೆ ಅವರು ಅಂಗಳಕ್ಕೆ ಕರೆದೊಯ್ದು ಗುಲಾಬಿ ಬಣ್ಣದ ಹೈಡ್ರಾಂಜಿಯ ಗಿಡವೊಂದನ್ನು ತೋರಿಸಿದರು. ಗೊಂಚಲುಗಳು ನೋಡಲು ಚೆನ್ನಾಗಿಯೇ ಇದ್ದುವು. ಆ ತಾಯಿಯ ಮುಖದಲ್ಲಿ ಮಾತ್ರ ಸಂತೋಷವಿರಲಿಲ್ಲ.

ಮದುವೆಯಾಗಿ ಬಂದ ವರ್ಷ ಅತ್ತೆಯವರು ಕೈಯಾರೆ ಕಡ್ಡಿ ನೆಟ್ಟು ಕೊಟ್ಟ ಗಿಡವಂತೆ. ಗುಡ್ಡ ಕುಸಿದ ರಾತ್ರಿ ಉಟ್ಟ ಬಟ್ಟೆಯಲ್ಲಿ ಹೊರಟವರು, ಮಳೆಗಾಲ ಕಳೆದು ದಾರಿ ಬಿಟ್ಟಮೇಲೆ ಹೋಗಿ ನೋಡಿದರೆ ಮನೆಯ ಒಂದು ಗೋಡೆಯೂ, ಕೆಸರಿನಲ್ಲಿ ಅರ್ಧ ಹೂತು ಹೋದ ಆ ಗಿಡವೂ ಉಳಿದಿದ್ದುವು. ಎರಡು ಕಡ್ಡಿ ಮುರಿದುಕೊಂಡು ಬಂದು, ಬಾಡಿಗೆ ಮನೆಯ ಜಗಲಿಯಲ್ಲಿ ಎಣ್ಣೆಡಬ್ಬಿಯೊಂದರಲ್ಲಿಟ್ಟು ಜೀವ ಹಿಡಿಸಿದರು. ಹೊಸ ಮನೆಗೆ ಬಂದಮೇಲೆ ನೆಲಕ್ಕಿಳಿಸಿದರು. ಮೊದಲ ಹೂವು ಬಿಟ್ಟಾಗ ಗುಲಾಬಿ! ಅತ್ತೆಯವರ ಗಿಡದಲ್ಲಿ ನಲವತ್ತು ವರ್ಷವೂ ಆಕಾಶದ ನೀಲಿಯನ್ನೇ ಕಂಡವರು ಅವರು. "ಇದು ನಮ್ಮ ಅತ್ತೆ ಕೊಟ್ಟ ಗಿಡ ಅಲ್ಲ ಗುರುಗಳೇ. ಓಡಾಟದಲ್ಲಿ ಕಡ್ಡಿ ಎಲ್ಲೋ ಅದಲುಬದಲಾಗಿದೆ. ನೋಡಿದಾಗಲೆಲ್ಲ ಸಂಕಟ. ಕಿತ್ತು ಹಾಕಲೇ?" ಎಂದು ಅವರು ಕೇಳಿದರು.

ನಾವು ಬೆರಳಿನಿಂದ ಗಿಡದ ಬುಡವನ್ನು ಕೆದಕಿ ನೋಡಿದೆವು. ಮೇಲೆ ಎರಡಂಗುಲ ಕೆಂಪುಮಣ್ಣು. ಅದರ ಕೆಳಗೆ ಜಲ್ಲಿ, ಗಾರೆಯ ಹೆಂಟೆ, ಇಟ್ಟಿಗೆಯ ಚೂರು. ನೆಲ ಸಮತಟ್ಟು ಮಾಡಿ ಮನೆ ಕಟ್ಟುವಾಗ ಎಲ್ಲಿಯೂ ಆಗುವುದೇ ಇದು. ಮೇಲಿನ ಕಪ್ಪು ಮಣ್ಣು ಅಡಿಗೆ ಹೋಗುತ್ತದೆ, ಕಟ್ಟಡದ ಉಳಿಕೆ ಮೇಲೆ ಬರುತ್ತದೆ. ಸಿಮೆಂಟಿನಲ್ಲಿರುವುದು ಬಹುಪಾಲು ಸುಣ್ಣವೇ. ಮಳೆ ಬಿದ್ದಾಗಲೆಲ್ಲ ಅದು ಅಷ್ಟಷ್ಟು ಕರಗಿ ಮಣ್ಣಿನ ಹುಳಿಯನ್ನು ನುಂಗಿಹಾಕುತ್ತದೆ. ಗಿಡ ಅತ್ತೆಯವರದೇ, ಮಣ್ಣು ಮಾತ್ರ ಅತ್ತೆಯವರದಲ್ಲ ಎಂದು ನಾವು ಹೇಳಿದಾಗ ಆ ತಾಯಿ ನಂಬಿದರೋ ಇಲ್ಲವೋ ತಿಳಿಯಲಿಲ್ಲ. ಆದರೆ ಕೀಳುವ ಮಾತು ಬಿಟ್ಟರು.

ಮಾಡಬೇಕಾದ ಕೆಲಸವನ್ನು ಅಂದು ಅವರ ಮೊಮ್ಮಗನಿಗೆ ಬರೆದುಕೊಟ್ಟೆವು. ಕಾಂಪೌಂಡು ಕಟ್ಟಿಸಿದ ಮೇಲೆ ಬಣ್ಣ ಕಳೆದುಕೊಂಡ ಸೋಮವಾರಪೇಟೆಯ ಗಿಡಕ್ಕೂ ಅದೇ ಉಪಾಯ. ಅಲ್ಲಿ ಗೋಡೆಯ ಸಿಮೆಂಟು ಮತ್ತು ಬಳಿದ ಸುಣ್ಣ ಕಾರಣವಾಗಿರಬೇಕು. ಮಳೆಗಾಲದ ಆರಂಭದಲ್ಲಿ ಗಿಡವನ್ನು ಬೇರಿನ ಹೆಂಟೆಯೊಡನೆ ಎತ್ತಿ, ಎರಡಡಿ ಅಗಲ ಎರಡಡಿ ಆಳದ ಗುಂಡಿ ತೋಡಿ, ಗಾರೆ ಜಲ್ಲಿಗಳನ್ನು ಆರಿಸಿ ಹೊರಹಾಕಬೇಕು. ಗುಂಡಿಯು ಗೋಡೆಯಿಂದ ಮೂರಡಿಯಾದರೂ ದೂರವಿರಲಿ. ಕಾಡಂಚಿನ ಅಥವಾ ಹಳೆಯ ತೋಟದ ಮೇಲ್ಮಣ್ಣು, ಚೆನ್ನಾಗಿ ಕೊಳೆತ ಎಲೆಗೊಬ್ಬರ, ಸ್ವಲ್ಪ ಹಳೆಯ ಕೊಟ್ಟಿಗೆ ಗೊಬ್ಬರ ಸೇರಿಸಿ ತುಂಬಿ ನೆಡಬೇಕು. ಬುಡಕ್ಕೆ ತರಗೆಲೆಯ ಹೊದಿಕೆ ಸದಾ ಇರಬೇಕು. ಮೂಳೆಗೊಬ್ಬರವನ್ನೂ ಶಿಲಾರಂಜಕವನ್ನೂ ನೀಲಿ ಬಯಸುವವರು ಹತ್ತಿರ ತರಬಾರದು. ರಂಜಕವು ಅಲ್ಯೂಮಿನಿಯಮ್ಮನ್ನು ಹಿಡಿದುಕೊಂಡು ಬೇರಿಗೆ ಬಿಟ್ಟುಕೊಡುವುದಿಲ್ಲ. ತೋಟಕ್ಕೆ ತಂದ ಗೊಬ್ಬರದಲ್ಲಿ ಒಂದು ಹಿಡಿ ಹೂವಿಗೂ ಇರಲಿ ಎಂದು ಹಾಕಿ ಬಣ್ಣ ಕೆಡಿಸಿಕೊಂಡವರು ಅನೇಕರಿದ್ದಾರೆ.

ಇಷ್ಟರಿಂದಲೇ ನಿಧಾನವಾಗಿ ನೀಲಿ ಮರಳುತ್ತದೆ. ಬೇಗ ಬೇಕೆನ್ನುವವರಿಗೆ ಅಲ್ಯೂಮಿನಿಯಮ್ ಸಲ್ಫೇಟ್ ಇದೆ. ಅದು ಸಿಕ್ಕದಿದ್ದರೆ ಗ್ರಂಥಿಗೆ ಅಂಗಡಿಯ ಸ್ಫಟಿಕವೂ, ಅಂದರೆ ಕೆಸರುನೀರು ತಿಳಿಗೊಳಿಸಲು ಬಳಸುವ ಪಟಿಕವೂ ಆಗುತ್ತದೆ. ನಾಲ್ಕು ಲೀಟರು ನೀರಿಗೆ ಒಂದು ದೊಡ್ಡ ಚಮಚ ಪುಡಿಯನ್ನು ಕರಗಿಸಿ, ಮೊದಲು ಗಿಡಕ್ಕೆ ಬರಿಯ ನೀರು ಕೊಟ್ಟು ಬುಡ ತೋಯಿಸಿ, ಆಮೇಲೆ ಇದನ್ನು ಸುತ್ತಲೂ ಹಾಕಬೇಕು. ಎಲೆಗೆ ತಾಗಕೂಡದು. ಮೂರು ನಾಲ್ಕು ವಾರಗಳ ಅಂತರದಲ್ಲಿ ಎರಡು ಮೂರು ಸಲ ಸಾಕು. ಎರಡು ವರ್ಷ ತುಂಬದ ಎಳೆಯ ಗಿಡಕ್ಕೆ ಇದು ಬೇಡ. ಕುಂಡದ ಗಿಡಕ್ಕೆ ಅರ್ಧ ಪ್ರಮಾಣ. ಮಿತಿ ಮೀರಿದರೆ ಬೇರು ಸುಡುತ್ತದೆ. ಕಾಲವನ್ನೂ ಅರಿಯಬೇಕು. ಅರಳಿದ ಹೂವಿಗೆ ಏನು ಹಾಕಿದರೂ ಬಣ್ಣ ತಿರುಗದು. ಮೊಗ್ಗು ಒಳಗೊಳಗೇ ರೂಪುಗೊಳ್ಳುವ ಕಾಲದಲ್ಲಿ ಬೇರಿಗೆ ದಕ್ಕಿದುದೇ ಲೆಕ್ಕ. ಆದುದರಿಂದ ದೀಪಾವಳಿಯ ಹೊತ್ತಿಗೆ ತೊಡಗಿ ಹೂಮಳೆಗೆ ಮುಂಚೆ ಮುಗಿಸುವುದು ಸರಿಯಾದ ಕ್ರಮ.

ಆ ತಾಯಿಯ ಮನೆಗೆ ನಾವು ಎರಡು ವರ್ಷ ಬಿಟ್ಟು ಹೋದಾಗ ಗಿಡದ ಹೊರಭಾಗದ ಗೊಂಚಲುಗಳು ನೇರಳೆಗೆ ತಿರುಗಿದ್ದುವು. ಒಂದೆರಡರಲ್ಲಿ ಅಂಚು ನೀಲಿಯಾಗಿತ್ತು. ಮನೆಯ ಕಡೆಗಿದ್ದ ಕೊಂಬೆಗಳು ಇನ್ನೂ ಗುಲಾಬಿಯೇ, ಏಕೆಂದರೆ ಆ ಬದಿಯ ಬೇರುಗಳು ಬುನಾದಿಯ ಗಾರೆಯತ್ತ ಹರಿದಿದ್ದುವು. ಒಂದೇ ಪೊದೆಯಲ್ಲಿ ಮೂರು ಬಣ್ಣವೆಂದು ಮಕ್ಕಳಿಗೆ ಅಚ್ಚರಿ. ಆ ತಾಯಿಗೆ ಈಗ ಅವಸರವಿಲ್ಲ. ಪ್ರತಿ ವರ್ಷ ಯಾವ ಕೊಂಬೆ ಎಷ್ಟು ತಿರುಗಿತೆಂಬುದನ್ನು ಎಣಿಸಿ ಇಡುತ್ತಾರಂತೆ.

ಇದಕ್ಕೆ ವಿರುದ್ಧವಾಗಿ, ಮನೆ ತುಂಬ ನೀಲಿಯೇ ಇದೆ, ಗುಲಾಬಿ ಬೇಕು ಎನ್ನುವವರು ಕೊಡಗಿನಲ್ಲಿ ಕಡಿಮೆಯಿಲ್ಲ. ಇದ್ದುದನ್ನು ಬಿಟ್ಟು ಇಲ್ಲದುದಕ್ಕೆ ಆಸೆಪಡುವುದು ಮನುಷ್ಯಸ್ವಭಾವ, ನಾವು ಬೇಡವೆನ್ನುವುದಿಲ್ಲ. ಮಳೆಗಾಲ ಮುಗಿದ ಮೇಲೆ ಬುಡದ ಸುತ್ತ ಒಂದು ಹಿಡಿ ಡೋಲೋಮೈಟ್ ಪುಡಿಯನ್ನು ಎರಚಿ ಮಣ್ಣಿನಲ್ಲಿ ಬೆರೆಸಿರಿ. ಬೇಸಗೆಗೆ ಮುನ್ನ ಇನ್ನೊಂದು ಸಲ. ಮಡಿಕೇರಿಯಂಥ ಮಳೆಯೂರಿನಲ್ಲಿ ಹಾಕಿದ ಸುಣ್ಣ ಬಹುಬೇಗ ತೊಳೆದುಹೋಗುವುದರಿಂದ ನೆಲದಲ್ಲಿ ಈ ಹಟ ಸಾಧಿಸುವುದಕ್ಕಿಂತ ಕುಂಡದಲ್ಲಿ ಸಾಧಿಸುವುದು ಸುಲಭ. ಸುಣ್ಣ ಅತಿಯಾದರೆ ಗಿಡಕ್ಕೆ ಕಬ್ಬಿಣ ದಕ್ಕದೆ, ನರಗಳು ಹಸಿರಾಗಿ ಉಳಿದು ಎಲೆಯ ಮಿಕ್ಕ ಭಾಗವೆಲ್ಲ ಹಳದಿಯಾಗುತ್ತದೆ. ಮೊಳೆ ಹೂಳಿದರೆ ನೀಲಿ, ಕಾಫಿ ಚರಟ ಹಾಕಿದರೆ ನೀಲಿ ಎಂಬ ಮಾತುಗಳನ್ನೂ ಕೇಳಿದ್ದೇವೆ. ನೀಲಿಗೂ ಕಬ್ಬಿಣಕ್ಕೂ ಸಂಬಂಧವಿಲ್ಲ. ಸೋಸಿ ಉಳಿದ ಕಾಫಿ ಚರಟದಲ್ಲಿ ಹುಳಿ ಅಷ್ಟೇನೂ ಉಳಿದಿರುವುದಿಲ್ಲ. ಗೊಬ್ಬರದ ಗುಂಡಿಗೆ ಅದು ಒಳ್ಳೆಯದು, ಅಷ್ಟೇ.

ಗದಗಿನ ಭಕ್ತರ ಗಿಡ ಹಳದಿಯಾದುದೂ ಈ ಕಬ್ಬಿಣದ ಅಭಾವದಿಂದಲೇ ಎಂದು ಅವರು ಬರೆದ ಲಕ್ಷಣಗಳಿಂದ ತಿಳಿಯುತ್ತದೆ. ಅಲ್ಲಿನ ಎರೆಮಣ್ಣು ಸುಣ್ಣದಂಶ ತುಂಬಿದ ಕ್ಷಾರಭೂಮಿ. ಹತ್ತಿ, ಜೋಳ, ಕಡಲೆಗೆ ಭಾಗ್ಯವಾದುದು ಈ ಗಿಡಕ್ಕೆ ಕಂಟಕ. ಕೊಳವೆಬಾವಿಯ ಗಡಸುನೀರು ಮತ್ತಷ್ಟು ಸುಣ್ಣವನ್ನು ತಂದು ಸುರಿಯುತ್ತದೆ. ಅವರು ಎರೆಮಣ್ಣನ್ನು ಕುಂಡದೊಳಗೆ ಬಿಡಲೇಬಾರದು. ತೆಂಗಿನ ನಾರಿನ ಪುಡಿ, ಎಲೆಗೊಬ್ಬರ, ಸ್ವಲ್ಪ ಕೆಮ್ಮಣ್ಣು ಕೂಡಿಸಿ ಕುಂಡ ತುಂಬಿ, ಮಾಳಿಗೆಯ ಮಳೆನೀರನ್ನು ಹಿಡಿದಿಟ್ಟು ಸಾಧ್ಯವಾದಷ್ಟು ದಿನ ಅದನ್ನೇ ಹಾಕಬೇಕು. ಆದರೆ ಬಯಲುಸೀಮೆಯವರಿಗೆ ನಾವು ದೊಡ್ಡ ಭರವಸೆ ಕೊಡಲಾರೆವು. ಈ ಗಿಡವು ಮೊಗ್ಗು ಕಟ್ಟಲು ಆರೆಂಟು ವಾರಗಳ ತಂಪನ್ನು ಬೇಡುತ್ತದೆ. 18 ಡಿಗ್ರಿಗಿಂತ ಕೆಳಗಿನ ಇರುಳುಗಳು ಅದಕ್ಕೆ ಹಿತ. ಮಾರ್ಗಶಿರ ಪುಷ್ಯ ಮಾಸಗಳಲ್ಲಿ ಮಡಿಕೇರಿಗೆ ಅದು ಸಹಜ. ಬಯಲಿನಲ್ಲಿ ಹಗಲಿನ ಬಿಸಿಲು ಆ ತಂಪಿನ ಫಲವನ್ನು ಉಳಿಯಗೊಡುವುದಿಲ್ಲ. ಗಿಡ ಬದುಕೀತು, ಹೂವು ವಿರಳವಾದೀತು.

ಈಗ ಶನಿವಾರಸಂತೆಯ ತರುಣರ ಪ್ರಶ್ನೆ. ಗಿಡ್ಡ ಗಿಡವೆಂದು ಮಾರುವುದರಲ್ಲಿ ಎರಡು ಬಗೆ ಉಂಟು. ಸ್ವಭಾವದಿಂದಲೇ ಎರಡು ಮೂರು ಅಡಿ ಮೀರದ ತಳಿಗಳಿವೆ. ಅವುಗಳ ಗೆಣ್ಣುಗಳು ಒತ್ತಾಗಿರುತ್ತವೆ, ಪೊದೆ ಗುಂಡಾಗಿ ತುಂಬಿಕೊಳ್ಳುತ್ತದೆ. ಇನ್ನೊಂದು ಬಗೆಯವು ಎತ್ತರದ ತಳಿಗಳೇ. ಕುಂಡದಲ್ಲಿ ಅಂದವಾಗಿ ಕಾಣಲೆಂದು ಬೆಳೆಸುವವರು ಬೆಳವಣಿಗೆ ತಡೆಯುವ ಔಷಧವನ್ನು ಸಿಂಪಡಿಸಿ ಗಿಡ್ಡವಾಗಿ ಇಟ್ಟಿರುತ್ತಾರೆ. ಔಷಧದ ಬಲ ಮುಗಿದ ಮರುವರ್ಷ ಗಿಡ ತನ್ನ ನಿಜಸ್ವರೂಪಕ್ಕೆ ಬರುತ್ತದೆ. ಇದರಲ್ಲಿ ಮೋಸವೆನ್ನುವಂಥದೇನಿಲ್ಲ, ಆದರೆ ಕೊಳ್ಳುವವರಿಗೆ ತಿಳಿದಿರಬೇಕು. ಕೊಳ್ಳುವಾಗ ತಳಿಯ ಹೆಸರನ್ನು ಕೇಳಿರಿ. ಅದೇ ತಳಿಯ ಮೂರು ನಾಲ್ಕು ವರ್ಷದ ತಾಯಿಗಿಡವಿದ್ದರೆ ತೋರಿಸಲು ಹೇಳಿರಿ. ಅದರ ಎತ್ತರವೇ ಸರಿಯಾದ ಉತ್ತರ.

ಎತ್ತರ ಬೆಳೆದುದನ್ನು ಅಡಕವಾಗಿ ಇಡುವ ಉಪಾಯವೆಂದರೆ ಸಕಾಲದಲ್ಲಿ ಸವರುವುದು. ಕೊಡಗಿನಲ್ಲಿ ಹೂವು ತಪ್ಪುವುದಕ್ಕೆ ನಾವು ಕಂಡ ಅತಿ ದೊಡ್ಡ ಕಾರಣವೂ ಈ ಕತ್ತರಿಯೇ. ಕಾಫಿ ಕುಯ್ಲು ಮುಗಿದು ತೋಟದಲ್ಲಿ ಕಪಾತು ನಡೆಯುವಾಗ, ಕತ್ತಿ ಕೈಯಲ್ಲಿರುವ ಹುರುಪಿನಲ್ಲಿ, ಮನೆಮುಂದಿನ ಹೈಡ್ರಾಂಜಿಯವನ್ನೂ ಒಂದೇ ಸಮ ಮಾಡಿಬಿಡುತ್ತಾರೆ. ಅಂಗಳ ಚೊಕ್ಕಟವಾಗುತ್ತದೆ, ಆ ವರ್ಷ ಹೂವಿಲ್ಲ. ಹಳೆಯ ತಳಿಗಳೆಲ್ಲ ಕಳೆದ ವರ್ಷದ ಕೊಂಬೆಯ ತುದಿಯಲ್ಲಿ ಹೂ ಬಿಡುವಂಥವು. ಮೊಗ್ಗು ಮಾಗಿಯಲ್ಲಿಯೇ ಕಣ್ಣೊಳಗೆ ಅಡಗಿರುತ್ತದೆ, ಹೊರಗೆ ಕಾಣುವುದಿಲ್ಲ. ಆದುದರಿಂದ ಸವರಬೇಕಾದುದು ಹೂವು ಮಾಸಿದ ಕೂಡಲೇ, ಅಂದರೆ ಮಳೆಗಾಲದಲ್ಲಿಯೇ. ಹೂ ಬಿಟ್ಟ ಕೊಂಬೆಯನ್ನು ಬುಡದಿಂದ ಎರಡು ಮೂರು ಜೋಡಿ ಕಣ್ಣು ಬಿಟ್ಟು ಕತ್ತರಿಸಿ. ಹೂ ಬಿಡದ ಎಳೆಗೊಂಬೆಗಳನ್ನು ಮುಟ್ಟಬೇಡಿರಿ, ಮುಂದಿನ ವರ್ಷದ ಹೂವು ಅವುಗಳಲ್ಲಿದೆ. ಮುದಿಯಾಗಿ ತೊಗಟೆ ಬಿರಿದ ಒಂದೆರಡು ಕಾಂಡಗಳನ್ನು ಪ್ರತಿವರ್ಷ ಬುಡಸಹಿತ ತೆಗೆದರೆ ಪೊದೆ ತರುಣವಾಗಿ ಉಳಿಯುತ್ತದೆ. ಕಪಾತಿನ ಆಳುಗಳಿಗೆ ಮುಂಚಿತವಾಗಿಯೇ ಹೇಳಿಡುವುದು ಕ್ಷೇಮ. ಹೊಸ ಚಿಗುರಿನಲ್ಲಿಯೂ ಹೂ ಬಿಡುವ ತಳಿಗಳು ಈಚೆಗೆ ಬಂದಿವೆ. 2004ರಲ್ಲಿ ಅಮೆರಿಕದಲ್ಲಿ ಮಾರುಕಟ್ಟೆಗೆ ಬಂದ ಎಂಡ್‌ಲೆಸ್ ಸಮ್ಮರ್ ಅವುಗಳಲ್ಲಿ ಹೆಸರುವಾಸಿ. ಅಂಥವುಗಳಿಗೆ ಈ ಭಯ ಕಡಿಮೆ.

ಬೆಳಗಿನ ಎಳೆಬಿಸಿಲು, ಮಧ್ಯಾಹ್ನದ ನೆರಳು ಈ ಗಿಡಕ್ಕೆ ಒಗ್ಗುತ್ತದೆ. ಮನೆಯ ಮೂಡಣ ಬದಿ ಉತ್ತಮ. ಸಿಲ್ವರ್ ಓಕ್ ಅಥವಾ ಹಾಲುವಾಣದ ತೆಳುನೆರಳೂ ಆಗಬಹುದು. ದಟ್ಟ ನೆರಳಿನಲ್ಲಿ ಎಲೆಯೇ ಹೆಚ್ಚು, ಹೂವು ಕಡಿಮೆ. ಬೇಸಗೆಯಲ್ಲಿ ನೀರು ತಪ್ಪಬಾರದು, ಮಳೆಗಾಲದಲ್ಲಿ ನೀರು ನಿಲ್ಲಬಾರದು. ನಡುಹಗಲಲ್ಲಿ ಎಲೆ ಜೋತುಬಿದ್ದುದನ್ನು ಕಂಡು ಗಾಬರಿಯಿಂದ ಕೊಡಗಟ್ಟಲೆ ನೀರು ಸುರಿಯುವವರಿದ್ದಾರೆ. ಸಂಜೆಗೆ ಅದು ತಾನಾಗಿ ಎದ್ದರೆ ಬಿಸಿಲಿನ ಬಳಲಿಕೆಯಷ್ಟೇ. ಬೆಳಗ್ಗೆಯೂ ಜೋತಿದ್ದರೆ ಮಾತ್ರ ನೀರಿನ ಕೊರತೆ.

ಶನಿವಾರಸಂತೆಯ ಸುತ್ತಿನ ಕಾಫಿ ತೋಟಗಳಲ್ಲಿ ಕೆಲವು ವರ್ಷಗಳಿಂದ ಕಾಟ ಕೊಡುತ್ತಿರುವ ಆಫ್ರಿಕದ ದೈತ್ಯ ಬಸವನಹುಳು ಮಳೆಗಾಲದಲ್ಲಿ ಹೂಗಿಡಗಳನ್ನೂ ಬಿಡುವುದಿಲ್ಲ. ಸಂಜೆ ಹೊತ್ತು ಪಪ್ಪಾಯಿ ಎಲೆಯನ್ನೋ ಕೋಸಿನ ಎಲೆಯನ್ನೋ ಒದ್ದೆ ಗೋಣಿಯ ಕೆಳಗಿಟ್ಟರೆ ಅಲ್ಲಿ ಬಂದು ಸೇರುತ್ತವೆ. ಕೈಗೆ ಚೀಲ ಹಾಕಿಕೊಂಡು ಆರಿಸಬಹುದು. ಗಿಡದ ಬುಡಕ್ಕೆ ಉಪ್ಪು ಎರಚುವ ಪದ್ಧತಿ ಕೆಟ್ಟದು. ಹುಳು ಸಾಯುವುದಕ್ಕೆ ಮೊದಲು ಗಿಡದ ಬೇರು ಸಾಯುತ್ತದೆ.

ಕಡ್ಡಿ ನೆಡಲು ಆರಿದ್ರಾ ಮಳೆಯ ಕಾಲಕ್ಕಿಂತ ಒಳ್ಳೆಯ ಮುಹೂರ್ತವಿಲ್ಲ. ಹೂ ಬಿಡದ ಎಳೆಗೊಂಬೆಯ ತುದಿಯನ್ನು ಗೇಣುದ್ದಕ್ಕಿಂತ ಸ್ವಲ್ಪ ಕಡಿಮೆ ಇರುವಂತೆ, ಗೆಣ್ಣಿನ ಕೆಳಗೆ ಕತ್ತರಿಸಿಕೊಳ್ಳಿರಿ. ಕೆಳಗಿನ ಎಲೆಗಳನ್ನು ತೆಗೆದು, ಮೇಲೆ ಉಳಿದ ಎರಡು ಎಲೆಗಳನ್ನು ಅರ್ಧಕ್ಕೆ ಕತ್ತರಿಸಿ, ಮರಳು ಎಲೆಗೊಬ್ಬರ ಸಮವಾಗಿ ತುಂಬಿದ ಚೀಲದಲ್ಲಿ ಒಂದು ಗೆಣ್ಣು ಮಣ್ಣಿನೊಳಗೆ ಇರುವಂತೆ ನೆಟ್ಟು ನೆರಳಿನಲ್ಲಿಡಿರಿ. ನಾಲ್ಕು ವಾರಗಳಲ್ಲಿ ಬೇರು ಬರುತ್ತದೆ. ಅಷ್ಟೂ ಶ್ರಮ ಬೇಡವೆನ್ನುವವರು ತಾಯಿಗಿಡದ ಬಗ್ಗಿದ ಕೊಂಬೆಯೊಂದನ್ನು ನೆಲಕ್ಕೆ ಒತ್ತಿ, ಮೇಲೆ ಮಣ್ಣು ಹಾಕಿ ಕಲ್ಲು ಹೇರಿಟ್ಟರೂ ಸಾಕು; ಮಳೆಗಾಲ ಮುಗಿಯುವಾಗ ಬೇರುಸಹಿತ ಬೇರ್ಪಡಿಸಬಹುದು.

ಕೊನೆಯದಾಗಿ ಒಂದು ಎಚ್ಚರಿಕೆಯ ಮಾತು, ಏಕೆಂದರೆ ಈ ಹೂವನ್ನು ಪೂಜೆಗೆ ಏರಿಸಬಹುದೇ ಎಂದು ಕೇಳುವವರಿದ್ದಾರೆ. ಹೈಡ್ರಾಂಜಿಯದ ಎಲೆಯೂ ಮೊಗ್ಗೂ ವಿಷಕಾರಿ. ಹೊಟ್ಟೆಗೆ ಹೋದರೆ ವಾಂತಿ, ತಲೆಸುತ್ತು ಬರುತ್ತದೆ. 2008ರಲ್ಲಿ ಜಪಾನಿನ ಉಪಾಹಾರಗೃಹಗಳಲ್ಲಿ ಅಲಂಕಾರಕ್ಕೆಂದು ತಟ್ಟೆಯಲ್ಲಿಟ್ಟ ಇದರ ಎಲೆಯನ್ನು ತಿಂದವರು ಅಸ್ವಸ್ಥರಾದರು. ಶತಮಾನಗಳಿಂದ ಈ ಗಿಡವನ್ನು ಬಲ್ಲ ದೇಶದಲ್ಲಿಯೇ ಹೀಗಾಯಿತು. ನಾವು ಪೂಜೆಗೆ ಬಳಸುವ ಕಣಗಿಲೆಯೂ ವಿಷವೇ ಅಲ್ಲವೇ ಎಂದು ಕೇಳಬಹುದು, ನಿಜ. ಆದರೆ ಕಣಗಿಲೆಯ ಸ್ವಭಾವವನ್ನು ನಮ್ಮ ಮನೆಗಳಲ್ಲಿ ಮಕ್ಕಳೂ ಬಲ್ಲರು, ಇದರದನ್ನು ಹಿರಿಯರೂ ಅರಿಯರು. ಗದ್ದಿಗೆಯ ಮುಂದೆ, ಮಂಟಪದ ಅಂಚಿಗೆ ಗೊಂಚಲುಗಳನ್ನು ಜೋಡಿಸಲು ಅಡ್ಡಿಯಿಲ್ಲ. ಪ್ರಸಾದದ ತಟ್ಟೆಯಲ್ಲಿ, ಹಣ್ಣುಕಾಯಿಯ ಜೊತೆಯಲ್ಲಿ, ಬಾಳೆಲೆಯ ಅಂಚಿನಲ್ಲಿ ಇದರ ಒಂದು ಎಲೆಯನ್ನೂ ಇಡಬಾರದೆಂಬುದು ನಮ್ಮ ಖಚಿತ ಅಭಿಪ್ರಾಯ. ಸವರಿದ ಕೊಂಬೆಗಳನ್ನು ದನಕರುಗಳ ಮುಂದೆ ಹಾಕದೆ ನೇರವಾಗಿ ಗೊಬ್ಬರದ ಗುಂಡಿಗೆ ಹಾಕಿಸಿರಿ. ಕಟ್ಟಿಹಾಕಿದ ಕರು ಹಸಿರು ಕಂಡರೆ ಬಾಯಿ ಹಾಕುತ್ತದೆ.